ಹರಳಿನೊಳಗೆ ಅಣು ತಿರುಗುವುದುಂಟೆ? ಅಲನೈನ್ ಮತ್ತು ಎನ್‌ಎಂಆರ್ ಕುರಿತು ಒಂದು ಉತ್ತರ

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ‘ಘನವಸ್ತುವಿನಲ್ಲಿ ಕಣಗಳು ಜಾಗ ಬಿಡದೆ ಅಲ್ಲಲ್ಲೇ ಕಂಪಿಸುತ್ತವೆ’ ಎಂದು ಪ್ರತಿವರ್ಷ ಹೇಳುತ್ತೇನೆ. ಮೊನ್ನೆ ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಎಂ.ಎಸ್‌ಸಿ. ಓದುತ್ತಿದ್ದಾನೆ, ಅಲನೈನ್ ಎಂಬ ಅಮೈನೊ ಆಮ್ಲದ ಹರಳಿನೊಳಗೆ ಮೀಥೈಲ್ ಗುಂಪೂ ಅಮೋನಿಯಂ ಗುಂಪೂ ಗಿರಗಿರನೆ ತಿರುಗುತ್ತಿರುತ್ತವೆ, ಎನ್‌ಎಂಆರ್‌ನಲ್ಲಿ, ಅಂದರೆ ಪರಮಾಣು ಬೀಜಗಳ ಕಾಂತೀಯ ಅನುರಣನದಲ್ಲಿ, ಅದನ್ನು ಅಳೆಯುತ್ತಾರೆ ಎಂದ. ಅಮೋನಿಯಂ ಗುಂಪು ಮೂರು ಹೈಡ್ರೋಜನ್ ಬಂಧಗಳಲ್ಲಿ ಸಿಕ್ಕಿಕೊಂಡಿದೆಯಲ್ಲ, ಅದು ತಿರುಗಿದರೆ ಹರಳು ಉಳಿಯುವುದು ಹೇಗೆ? ಎಕ್ಸ್-ಕಿರಣಕ್ಕೆ ಕಾಣದ ಚಲನೆ ಎನ್‌ಎಂಆರ್‌ಗೆ ಹೇಗೆ ಕಾಣುತ್ತದೆ? ಮಕ್ಕಳಿಗೆ ಇಂಥ ಹರಳನ್ನು ಕಾಲೇಜಿನಲ್ಲೇ ಬೆಳೆಸಿ ತೋರಿಸಬಹುದೆ?

ಉತ್ತರ: ನಿಮ್ಮ ವಿದ್ಯಾರ್ಥಿ ಹೇಳಿದ್ದು ನಿಜ, ಮೇಡಂ. ನೀವು ಪಾಠದಲ್ಲಿ ಹೇಳುವುದೂ ತಪ್ಪಲ್ಲ. ಅಲನೈನ್ ಹರಳಿನಲ್ಲಿ ಯಾವ ಅಣುವೂ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಹೋಗುವುದಿಲ್ಲ. ಆದರೆ ಜಾಗ ಬಿಡದೆ ಕೂತವರೂ ಕೈಕಾಲು ಆಡಿಸಬಹುದಲ್ಲವೆ? ಅಣುವಿನ ಬೆನ್ನೆಲುಬು ನೆಟ್ಟ ಕಂಬದಂತೆ ನಿಂತಿರುತ್ತದೆ. ಅದರ ಎರಡು ತುದಿಗಳಲ್ಲಿರುವ ಮೂರು-ಮೂರು ಹೈಡ್ರೋಜನ್‌ಗಳ ಗುಂಪುಗಳು ಮಾತ್ರ ತಮ್ಮ ಅಕ್ಷದ ಸುತ್ತ ತಿರುಗುತ್ತವೆ. ಒಂದು ಇಂಗಾಲಕ್ಕೆ ಅಂಟಿದ ಮೀಥೈಲ್, ಇನ್ನೊಂದು ಸಾರಜನಕಕ್ಕೆ ಅಂಟಿದ ಅಮೋನಿಯಂ.

ಒಂದು ಮಾತನ್ನು ಮಾತ್ರ ತಿದ್ದಬೇಕು. ‘ಗಿರಗಿರನೆ’ ಎಂದರೆ ಫ್ಯಾನಿನ ರೆಕ್ಕೆ ಮನಸ್ಸಿಗೆ ಬರುತ್ತದೆ. ಇಲ್ಲಿ ನಡೆಯುವುದು ಹಾಗಲ್ಲ, ಇದು ಜಿಗಿತ. ಗುಂಪು ಒಂದು ನೆಲೆಯಲ್ಲಿ ಬಹಳ ಹೊತ್ತು ನಡುಗುತ್ತ ನಿಂತಿರುತ್ತದೆ, ಯಾವುದೋ ಒಂದು ಕ್ಷಣದಲ್ಲಿ ಸುತ್ತಲಿನ ಶಾಖದಿಂದ ಸಾಕಷ್ಟು ಶಕ್ತಿ ಒಟ್ಟಿಗೆ ಸಿಕ್ಕಿಬಿಡುತ್ತದೆ, ಆಗ 120 ಡಿಗ್ರಿ ತಿರುಗಿ ಮುಂದಿನ ನೆಲೆಗೆ ಬೀಳುತ್ತದೆ. ಮತ್ತೆ ಅಲ್ಲಿ ನಡುಗುತ್ತ ನಿಲ್ಲುತ್ತದೆ. ‘ಬಹಳ ಹೊತ್ತು’ ಎಂದದ್ದು ಅಣುವಿನ ಲೆಕ್ಕದಲ್ಲಿ. ಅಲನೈನ್‌ನ ಮೀಥೈಲ್ ದಾಟಬೇಕಾದ ದಿಣ್ಣೆಯ ಎತ್ತರ ಮೋಲಿಗೆ ಸುಮಾರು 22 ಕಿಲೊಜೂಲ್. ಅಮೋನಿಯಂ ಗುಂಪಿಗೆ ಅದು 40ರ ಆಸುಪಾಸು. ನೀವು ಪಾಠ ಮಾಡುವ ಅರ್ಹೀನಿಯಸ್ ಸಮೀಕರಣದಲ್ಲೇ ಇವನ್ನು ಹಾಕಿ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಥೈಲ್ ಏಳು ಸಾವಿರ ಸಲ ಪ್ರಯತ್ನಿಸಿದರೆ ಒಂದು ಸಲ ದಾಟುತ್ತದೆ. ಅಮೋನಿಯಂ ಗುಂಪಿಗೆ ಹೆಚ್ಚುಕಡಿಮೆ ಒಂದು ಕೋಟಿ ಪ್ರಯತ್ನಕ್ಕೆ ಒಂದು ಯಶಸ್ಸು. ಆದರೆ ಈ ಪ್ರಯತ್ನಗಳು ಸೆಕೆಂಡಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ನಡೆಯುವುದರಿಂದ, ಅಷ್ಟು ಅಪರೂಪದ ಜಿಗಿತವೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡೆದುಹೋಗುತ್ತದೆ.

ಹರಳು ಯಾಕೆ ಬೀಳುವುದಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ. ಒಂದು ಗುಂಪು ಜಿಗಿಯುವ ಆ ಕ್ಷಣ ಅದರ ಅಕ್ಕಪಕ್ಕದ ಗುಂಪುಗಳೆಲ್ಲ ತಮ್ಮ ನೆಲೆಯಲ್ಲೇ ನಿಂತಿರುತ್ತವೆ. ಜಿಗಿತಕ್ಕೆ ತಗಲುವ ಹೊತ್ತು, ನಿಂತಿರುವ ಹೊತ್ತಿನ ಮುಂದೆ ಏನೇನೂ ಅಲ್ಲ. ಯಾವ ಗಳಿಗೆಯಲ್ಲಿ ನೋಡಿದರೂ ಬಹುಪಾಲು ಹೈಡ್ರೋಜನ್ ಬಂಧಗಳು ಕೂಡಿಕೊಂಡೇ ಇರುತ್ತವೆ.

ಇನ್ನರ್ಧ ಉತ್ತರವನ್ನು ತರಗತಿಯಲ್ಲೇ ಆಡಿ ತೋರಿಸಬಹುದು. ಮೂರು ಸ್ಟೂಲುಗಳನ್ನು ವೃತ್ತದಲ್ಲಿಟ್ಟು ಮೂವರು ಮಕ್ಕಳನ್ನು ಕೂರಿಸಿ. ಸ್ಟೂಲುಗಳೆಂದರೆ ನೆರೆಯ ಮೂರು ಅಣುಗಳ ಕಾರ್ಬಾಕ್ಸಿಲೇಟ್ ಆಮ್ಲಜನಕಗಳು. ಮಕ್ಕಳು ಅಮೋನಿಯಂ ಗುಂಪಿನ ಮೂರು ಹೈಡ್ರೋಜನ್‌ಗಳು. ಚಪ್ಪಾಳೆ ತಟ್ಟಿದ ಕೂಡಲೇ ಮೂವರೂ ಎದ್ದು ಬಲಗಡೆಯ ಸ್ಟೂಲಿಗೆ ಹೋಗಿ ಕೂರಲಿ. ಜಿಗಿತ ಮುಗಿದ ಮೇಲೆ ಖಾಲಿ ಸ್ಟೂಲಿಲ್ಲ, ನಿಂತ ಮಗುವಿಲ್ಲ. ಮೂರು ಬಂಧ ಸಡಿಲಾದವು, ಮೂರು ಬಂಧ ಕೂಡಿದವು, ಅಷ್ಟೆ. ನಡುದಾರಿಯಲ್ಲೂ ಪೂರ್ತಿ ಹರಿಯುವುದಿಲ್ಲ, ಏಕೆಂದರೆ ಒಂದೆಡೆ ಧನ ಆವೇಶದ ಅಮೋನಿಯಂ, ಇನ್ನೊಂದೆಡೆ ಋಣ ಆವೇಶದ ಕಾರ್ಬಾಕ್ಸಿಲೇಟ್. 60 ಡಿಗ್ರಿ ತಿರುಗಿ ನಡುವೆ ನಿಂತಾಗಲೂ ಆ ಆವೇಶಗಳ ಸೆಳೆತ ಇದ್ದೇ ಇರುತ್ತದೆ. ಮೂರು ಬಂಧಗಳನ್ನೂ ಪೂರ್ತಿ ಹರಿದು ಹಾರಬೇಕಾಗಿದ್ದರೆ ದಿಣ್ಣೆ 40 ಕಿಲೊಜೂಲ್‌ಗಿಂತ ಬಹಳ ಎತ್ತರ ಇರಬೇಕಿತ್ತು. ಹೋಲಿಕೆಗೆ ಹೇಳುತ್ತೇನೆ: ಯಾವ ನೆರೆಯೂ ಇಲ್ಲದ ಈಥೇನ್ ಅನಿಲದ ಅಣುವಿನಲ್ಲೇ ಮೀಥೈಲ್ ತಿರುಗಲು ಸುಮಾರು 12 ಕಿಲೊಜೂಲ್ ಬೇಕು.

ಈ ಆಟದಲ್ಲೇ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರವಿದೆ, ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಮೂವರೂ ಯೂನಿಫಾರಂ ಹಾಕಿಕೊಂಡಿದ್ದಾರೆ. ಕಾರಿಡಾರಿನ ಆ ತುದಿಯಿಂದ ಒಂದು ಫೋಟೊ ತೆಗೆಯಿರಿ, ಜಿಗಿತ ಮುಗಿದ ಮೇಲೆ ಇನ್ನೊಂದು ತೆಗೆಯಿರಿ. ಎರಡು ಫೋಟೊಗಳೂ ಒಂದೇ. ಎಕ್ಸ್-ಕಿರಣ ವಿವರ್ತನೆಯ ಕಷ್ಟ ಇದೇ. ಅದು ಕೋಟ್ಯಂತರ ಅಣುಗಳ, ಗಂಟೆಗಟ್ಟಲೆ ಹೊತ್ತಿನ ಸರಾಸರಿ ಚಿತ್ರ. ಎಲೆಕ್ಟ್ರಾನ್ ಸಾಂದ್ರತೆ ಎಲ್ಲಿದೆ ಎಂದು ಹೇಳುತ್ತದೆ, ಅಲ್ಲಿರುವ ಹೈಡ್ರೋಜನ್ ಹೋದ ಕ್ಷಣದಲ್ಲಿದ್ದದ್ದೇ ಅಥವಾ ಪಕ್ಕದ್ದು ಬಂದು ಕೂತದ್ದೇ ಎಂದು ಹೇಳಲಾರದು. ಹೈಡ್ರೋಜನ್‌ಗಳನ್ನು ಎಕ್ಸ್-ಕಿರಣಕ್ಕಿಂತ ಬಹಳ ಚೆನ್ನಾಗಿ ಕಾಣುವ ನ್ಯೂಟ್ರಾನ್ ವಿವರ್ತನೆಗೂ ಇದೇ ಮಿತಿ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಲೆಹ್ಮನ್, ಕೊಯೆಟ್ಜ್ಲೆ ಮತ್ತು ಹ್ಯಾಮಿಲ್ಟನ್ 1972ರಲ್ಲಿ ಎಲ್-ಅಲನೈನ್ ಹರಳಿನ ನ್ಯೂಟ್ರಾನ್ ರಚನೆಯನ್ನು ಪ್ರಕಟಿಸಿದರು. ಅದರಲ್ಲಿ ಪ್ರತಿ ಹೈಡ್ರೋಜನ್ನೂ ಒಂದೊಂದು ಅಚ್ಚುಕಟ್ಟಾದ ಜಾಗದಲ್ಲಿ ಕೂತಿದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಜಾಗ ಅದಲುಬದಲಾಗುತ್ತಿದ್ದರೂ ಆ ಚಿತ್ರ ಹಾಗೆಯೇ ಬರುತ್ತದೆ, ಬರಲೇಬೇಕು.

ಎನ್‌ಎಂಆರ್ ಫೋಟೊ ತೆಗೆಯುವುದಿಲ್ಲ. ಅದು ಮಕ್ಕಳನ್ನೇ ಕೇಳುತ್ತದೆ. ಪ್ರತಿ ಪ್ರೋಟಾನ್, ಅಂದರೆ ಹೈಡ್ರೋಜನ್‌ನ ಬೀಜ, ಒಂದು ಪುಟ್ಟ ಕಾಂತ. ಪಕ್ಕದ ಪ್ರೋಟಾನಿನ ಕಾಂತಕ್ಷೇತ್ರ ಅದಕ್ಕೆ ತಟ್ಟುತ್ತಿರುತ್ತದೆ. ಮೀಥೈಲ್‌ನಲ್ಲಿ ಎರಡು ಪ್ರೋಟಾನ್‌ಗಳ ನಡುವಿನ ದೂರ ಸುಮಾರು 1.78 ಆಂಗ್‌ಸ್ಟ್ರಾಮ್. ಆ ದೂರದಲ್ಲಿ ಒಂದು ಪ್ರೋಟಾನ್ ಇನ್ನೊಂದರ ಮೇಲೆ ಬೀರುವ ಕ್ಷೇತ್ರ ಎರಡೂವರೆ ಗಾಸ್‌ನಷ್ಟು, ಅಂದರೆ ನಮ್ಮ ನಾಡಿನಲ್ಲಿ ದಿಕ್ಸೂಚಿಯನ್ನು ತಿರುಗಿಸುವ ಭೂಕಾಂತಕ್ಷೇತ್ರದ ಐದಾರು ಪಟ್ಟು. ಇದು ದೂರದ ಮೇಲೆ ಮಾತ್ರವಲ್ಲ, ಎರಡು ಪ್ರೋಟಾನ್‌ಗಳನ್ನು ಸೇರಿಸುವ ಗೆರೆ ಹೊರಗಿನ ದೊಡ್ಡ ಕಾಂತಕ್ಷೇತ್ರಕ್ಕೆ ಯಾವ ಕೋನದಲ್ಲಿದೆ ಎಂಬುದರ ಮೇಲೂ ನಿಂತಿದೆ. ಗುಂಪು 120 ಡಿಗ್ರಿ ಜಿಗಿದಾಗ ಹರಳಿನ ಚಿತ್ರ ಬದಲಾಗದೆ ಇರಬಹುದು. ಆದರೆ ‘ನಾನು’ ಮತ್ತು ‘ನನ್ನ ಪಕ್ಕದವನು’ ಎಂಬ ಆ ನಿರ್ದಿಷ್ಟ ಜೋಡಿಯ ಗೆರೆ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಪ್ರೋಟಾನಿಗೆ ತಟ್ಟುವ ಕ್ಷೇತ್ರ ಒಮ್ಮೆಲೇ ಬೇರೆಯಾಗುತ್ತದೆ. ಯೂನಿಫಾರಂ ಒಂದೇ ಆದರೂ ಪಕ್ಕದವನು ಯಾವ ಕಡೆಗೆ ಬಂದ ಎಂಬುದು ಮಗುವಿಗೆ ಗೊತ್ತು.

ಈ ಬದಲಾವಣೆಯನ್ನು ಓದುವ ಹಳೆಯ ದಾರಿ ಎನ್‌ಎಂಆರ್ ರೋಹಿತದ ರೇಖೆಯ ಅಗಲ ನೋಡುವುದು. 1948ರಲ್ಲಿ ಪೇಕ್ ಜಿಪ್ಸಮ್ ಹರಳಿನಲ್ಲಿ, ನೀರಿನ ಅಣುವಿನ ಎರಡು ಪ್ರೋಟಾನ್‌ಗಳು ಒಂದನ್ನೊಂದು ತಟ್ಟುವುದರಿಂದ ಎನ್‌ಎಂಆರ್ ರೇಖೆ ಹೇಗೆ ಒಡೆಯುತ್ತದೆಂದು ತೋರಿಸಿದರು. ಎರಡು ವರ್ಷದ ಬಳಿಕ ಗುಟೋವ್‌ಸ್ಕಿ ಜೊತೆ ಸೇರಿ, ಅಣುವಿನ ಗುಂಪುಗಳು ವೇಗವಾಗಿ ತಿರುಗಿದರೆ ಅಗಲವಾದ ರೇಖೆ ಕಿರಿದಾಗುತ್ತದೆಂದು ವಿವರಿಸಿದರು. ಮೀಥೈಲ್ ತನ್ನ ಅಕ್ಷದ ಸುತ್ತ ವೇಗವಾಗಿ ಜಿಗಿದರೆ, ಆ ಗುಂಪಿನೊಳಗಿನ ತಟ್ಟುವಿಕೆಯಿಂದ ರೇಖೆಗೆ ಬರುವ ಹರವು, ಎರಡನೆಯ ಮೊಮೆಂಟ್ ಎಂಬ ಅಳತೆಯಲ್ಲಿ, ಸರಿಯಾಗಿ ಕಾಲು ಭಾಗಕ್ಕೆ ಇಳಿಯುತ್ತದೆ. ತಣ್ಣಗಿದ್ದಾಗ ಅಗಲ, ಬೆಚ್ಚಗಾದಂತೆ ಕಿರಿದು. ಇದು ತಿಳಿಯಾದ ವಿಧಾನ. ಆದರೆ ಜಿಗಿತ ಸೆಕೆಂಡಿಗೆ ಹತ್ತು ಸಾವಿರದಿಂದ ಒಂದು ಲಕ್ಷದ ಆಸುಪಾಸಿಗೆ ಬಂದಾಗಲಷ್ಟೇ ರೇಖೆ ಬದಲಾಗುತ್ತದೆ. ಅದಕ್ಕಿಂತ ವೇಗವಾದರೆ ಇನ್ನು ಹೇಳಲು ಅದರ ಬಳಿ ಏನೂ ಉಳಿಯುವುದಿಲ್ಲ.

ಆದ್ದರಿಂದ ಅಮೈನೊ ಆಮ್ಲಗಳ ಮೇಲೆ ನಡೆದ ಬಹುಪಾಲು ಕೆಲಸ ಇನ್ನೊಂದು ಅಳತೆಯನ್ನು ನೆಚ್ಚಿಕೊಂಡಿದೆ. ಅದಕ್ಕೆ ವಿಶ್ರಾಂತಿ ಕಾಲ ಎನ್ನುತ್ತೇವೆ, ಪ್ರಯೋಗಾಲಯದ ಮಾತಿನಲ್ಲಿ ಟಿ-ಒನ್. ಪ್ರೋಟಾನ್‌ಗಳ ಕಾಂತತ್ವವನ್ನು ರೇಡಿಯೊ ಅಲೆಯ ಪೆಟ್ಟುಗಳಿಂದ ಅಳಿಸಿಬಿಟ್ಟರೆ, ಅದು ತಾನಾಗಿ ಮರಳಿ ಬೆಳೆಯಲು ಎಷ್ಟು ಹೊತ್ತು ಬೇಕು? ನೂರರಲ್ಲಿ 63 ಪಾಲು ಮರಳುವ ಹೊತ್ತೇ ಟಿ-ಒನ್. ಮರಳಬೇಕಾದರೆ ಪ್ರೋಟಾನ್‌ಗಳು ತಮ್ಮ ಹೆಚ್ಚಿನ ಶಕ್ತಿಯನ್ನು ಹರಳಿಗೆ ಒಪ್ಪಿಸಬೇಕು, ಒಪ್ಪಿಸಲು ತಕ್ಕ ಆವರ್ತದಲ್ಲಿ ಏರಿಳಿಯುವ ಕಾಂತಕ್ಷೇತ್ರವೊಂದು ಬೇಕು. ಜಿಗಿಯುವ ಗುಂಪುಗಳೇ ಆ ಏರಿಳಿತವನ್ನು ಒದಗಿಸುತ್ತವೆ. ಜೋಕಾಲಿ ತೂಗುವಾಗ ಸರಿಯಾದ ಹೊತ್ತಿಗೆ ತಳ್ಳಿದರೆ ಮಾತ್ರ ಫಲ; ತೀರ ನಿಧಾನಕ್ಕೆ ತಳ್ಳಿದರೂ ಇಲ್ಲ, ಪಟಪಟನೆ ತಳ್ಳಿದರೂ ಇಲ್ಲ. ಹರಳು ಬಹಳ ತಣ್ಣಗಿದ್ದಾಗ ಜಿಗಿತ ನಿಧಾನ, ಟಿ-ಒನ್ ಉದ್ದ. ಬಹಳ ಬಿಸಿಯಾದಾಗ ಜಿಗಿತ ತೀರ ವೇಗ, ಟಿ-ಒನ್ ಮತ್ತೆ ಉದ್ದ. ನಡುವೆ ಎಲ್ಲೋ ಒಂದು ತಾಪದಲ್ಲಿ ಹೊಂದಿಕೆ ಕೂಡಿಬಂದು ಟಿ-ಒನ್ ಪಾತಾಳಕ್ಕೆ ಇಳಿಯುತ್ತದೆ. 1948ರಲ್ಲಿ ಬ್ಲೂಂಬರ್ಗೆನ್, ಪರ್ಸೆಲ್, ಪೌಂಡ್ ಕೊಟ್ಟ ಸಿದ್ಧಾಂತವೇ ಇದಕ್ಕೆ ಬುನಾದಿ. ಅದರ ಪ್ರಕಾರ 60 ಮೆಗಾಹರ್ಟ್ಜ್ ಯಂತ್ರದಲ್ಲಿ ಆ ತಗ್ಗು ಸಿಕ್ಕಿತೆಂದರೆ, ಆ ತಾಪದಲ್ಲಿ ಚಲನೆಯ ಸಹಸಂಬಂಧ ಕಾಲ, ಅಂದರೆ ಜಿಗಿತಗಳ ನಡುವಿನ ಹೊತ್ತಿನ ಅಳತೆ, ಸುಮಾರು 1.6 ನ್ಯಾನೊಸೆಕೆಂಡ್. ಯಾವ ಅಂದಾಜೂ ಬೇಡ, ತಗ್ಗು ಎಲ್ಲಿ ಬಂತೆಂದು ನೋಡಿದರೆ ಗಡಿಯಾರ ಕೈಗೆ ಸಿಕ್ಕಿತು. ತಗ್ಗಿನ ಎರಡೂ ಕಡೆಯ ಇಳಿಜಾರನ್ನು ಅಳೆದರೆ ದಿಣ್ಣೆಯ ಎತ್ತರವೂ ಸಿಗುತ್ತದೆ.

ಕೆಲಸ ಹೇಗೆ ನಡೆಯುತ್ತದೆಂದು ಹೇಳದೆ ಹೋದರೆ ಈ ತಗ್ಗು ಬರೀ ಪುಸ್ತಕದ ಚಿತ್ರವಾಗಿ ಉಳಿದೀತು. ಹರಳನ್ನು ನುಣ್ಣಗೆ ಅರೆದು ಬೆರಳಿನಷ್ಟು ದಪ್ಪದ ಗಾಜಿನ ನಳಿಕೆಗೆ ತುಂಬುತ್ತೇವೆ. ರಾತ್ರಿಯಿಡೀ ನಿರ್ವಾತ ಪಂಪಿಗೆ ಜೋಡಿಸಿ ಒಳಗಿನ ಗಾಳಿ, ತೇವ ಎರಡನ್ನೂ ಹೀರಿಸಿ, ಬೆಳಿಗ್ಗೆ ನಳಿಕೆಯ ಕತ್ತನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚುತ್ತೇವೆ. ಗಾಳಿಯನ್ನು ತೆಗೆಯುವುದು ಶಾಸ್ತ್ರಕ್ಕಲ್ಲ. ಆಮ್ಲಜನಕ ಸ್ವತಃ ಕಾಂತೀಯ ಅಣು, ಅದು ಒಳಗೆ ಉಳಿದರೆ ಟಿ-ಒನ್ ಅನ್ನು ಅದೇ ಕುಗ್ಗಿಸಿಬಿಡಬಹುದು. ಆಮೇಲೆ ನಳಿಕೆಯನ್ನು ಸುರುಳಿಯೊಳಗೆ ಇಳಿಸಿ ದ್ರವ ಸಾರಜನಕದಿಂದ ತಂಪು ಮಾಡುತ್ತ ಹೋಗುವುದು. ಪ್ರತಿ ತಾಪದಲ್ಲೂ ಒಳಗಿನ ಪುಡಿ ಹೊರಗಿನ ತಾಪಮಾಪಕದ ಮಾತನ್ನು ಒಪ್ಪುವವರೆಗೆ ಸುಮ್ಮನೆ ಕಾಯಬೇಕು. ಅಳಿಸು, ಕಾಯಿ, ನೋಡು. ಮತ್ತೆ ಅಳಿಸು, ಇನ್ನಷ್ಟು ಕಾಯಿ, ನೋಡು. ಒಂದು ತಾಪಕ್ಕೆ ಹದಿನೈದಿಪ್ಪತ್ತು ಸಲ. ಟಿ-ಒನ್ ಹತ್ತಾರು ಸೆಕೆಂಡು ಇರುವ ತಂಪಿನಲ್ಲಿ ಒಂದೇ ಬಿಂದುವಿಗೆ ಗಂಟೆ ಕಳೆಯುತ್ತದೆ. ಆದರೆ ಆಸಿಲೋಸ್ಕೋಪಿನ ಪರದೆಯ ಮೇಲೆ, ಹಿಂದಿನ ತಾಪದಲ್ಲಿ ತಡವಾಗಿ ಏಳುತ್ತಿದ್ದ ಸಂಕೇತ ಈ ತಾಪದಲ್ಲಿ ಚಟ್ಟನೆ ಎದ್ದದ್ದನ್ನು ಮೊದಲ ಸಲ ಕಂಡಾಗ ಆಗುವ ರೋಮಾಂಚನ ನನಗೆ ಇಂದಿಗೂ ಹಾಗೇ ಇದೆ.

ಈ ಕೆಲಸವನ್ನು ಎಲ್ಲರಿಗಿಂತ ಕ್ರಮಬದ್ಧವಾಗಿ ಮಾಡಿದವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದ ಇ. ಆರ್. ಆ್ಯಂಡ್ರೂ ಮತ್ತು ಸಂಗಡಿಗರು. ಇದೇ ಆ್ಯಂಡ್ರೂ 1950ರ ದಶಕದ ಕೊನೆಯಲ್ಲಿ, ಘನವಸ್ತುವನ್ನು 54.7 ಡಿಗ್ರಿ ಓರೆಯಲ್ಲಿ ವೇಗವಾಗಿ ತಿರುಗಿಸಿ ಎನ್‌ಎಂಆರ್ ರೇಖೆಯನ್ನು ಕಿರಿದಾಗಿಸುವ ವಿಧಾನಕ್ಕೂ ದಾರಿ ಮಾಡಿದವರು. 1976 ಮತ್ತು 1977ರಲ್ಲಿ ಅವರು ಮೂರು ಲೇಖನಗಳಲ್ಲಿ 20 ಅಮೈನೊ ಆಮ್ಲಗಳ ಪುಡಿಗಳನ್ನು ಅಳೆದು ಪ್ರಕಟಿಸಿದರು. ಅವರು ಮಾಡಿದ ವಿಂಗಡಣೆಯಲ್ಲೇ ವಿಚಾರ ಅಡಗಿದೆ. ಮೊದಲ ಲೇಖನದಲ್ಲಿ ಗ್ಲೈಸಿನ್, ಸೆರಿನ್, ಟೈರೋಸಿನ್ ಮುಂತಾದ ಏಳು. ಇವುಗಳಲ್ಲಿ ಮೀಥೈಲ್ ಇಲ್ಲ. ಎರಡನೆಯದರಲ್ಲಿ ಅಲನೈನ್, ವ್ಯಾಲಿನ್, ಲ್ಯೂಸಿನ್ ಮುಂತಾದ ಏಳು. ಇವುಗಳಲ್ಲಿ ಮೀಥೈಲ್ ಇದೆ. ಮೀಥೈಲ್ ಇಲ್ಲದವುಗಳಲ್ಲಿ ಅಮೋನಿಯಂ ಗುಂಪಿನ ನಡೆಯನ್ನು ಮೊದಲು ಅರಿತುಕೊಂಡು, ಆ ಅರಿವನ್ನು ಹಿಡಿದು ಎರಡೂ ಇರುವವುಗಳಿಗೆ ಹೋದರು. ಅಲನೈನ್‌ನಲ್ಲಿ ಎರಡು ತಗ್ಗು ಸಿಗುತ್ತವೆ: ತಂಪಿನ ಕಡೆಯದು ಮೀಥೈಲ್‌ನದು, ಬಿಸಿಯ ಕಡೆಯದು ಅಮೋನಿಯಂನದು.

ಇಲ್ಲಿ ಒಬ್ಬ ಎಚ್ಚರದ ಓದುಗ ನಿಲ್ಲಿಸಿ ಕೇಳಬೇಕು: ಯಾವ ತಗ್ಗು ಯಾರದೆಂದು ನಿಮಗೆ ಹೇಳಿದವರು ಯಾರು? ಟಿ-ಒನ್ ಗೆರೆಯ ಮೇಲೆ ಹೆಸರು ಬರೆದಿರುವುದಿಲ್ಲ. ಇದು ಈ ವಿಧಾನದ ನಿಜವಾದ ಕಷ್ಟ, ಬಹಳ ಮಂದಿ ಇದನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಘನವಸ್ತುವಿನಲ್ಲಿ ಪ್ರೋಟಾನ್‌ಗಳೆಲ್ಲ ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಶಕ್ತಿ ಅವುಗಳ ನಡುವೆ ಬೇಗ ಹಂಚಿಹೋಗುತ್ತದೆ. ಒಂದೇ ನೀರಿನ ತೊಟ್ಟಿ ಎಂದುಕೊಳ್ಳಿ. ಅಲನೈನ್‌ನ ಏಳು ಪ್ರೋಟಾನ್‌ಗಳೂ ಆ ತೊಟ್ಟಿಯ ನೀರು. ಮೀಥೈಲ್ ಒಂದು ತೂತು, ಅಮೋನಿಯಂ ಇನ್ನೊಂದು ತೂತು. ಯಾವ ತೂತು ದೊಡ್ಡದಾಗಿ ತೆರೆದಿದ್ದರೂ ಇಡೀ ತೊಟ್ಟಿಯ ಮಟ್ಟ ಇಳಿಯುತ್ತದೆ. ಮಟ್ಟವನ್ನಷ್ಟೇ ನೋಡುವವನಿಗೆ ತೂತು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಹಾಗಾಗಿ ತೂತನ್ನು ಮುಚ್ಚಿ ನೋಡಬೇಕು. ಅಲನೈನ್‌ನ್ನು ಭಾರಜಲದಲ್ಲಿ ಕರಗಿಸಿ ಮತ್ತೆ ಹರಳಾಗಿಸಿದರೆ ಅಮೋನಿಯಂನ ಮೂರು ಹೈಡ್ರೋಜನ್‌ಗಳ ಜಾಗಕ್ಕೆ ಡ್ಯೂಟೀರಿಯಂ, ಅಂದರೆ ಭಾರ ಹೈಡ್ರೋಜನ್, ಬರುತ್ತದೆ. ಇಂಗಾಲಕ್ಕೆ ಅಂಟಿದವು ಹಾಗೇ ಉಳಿಯುತ್ತವೆ. ಇದನ್ನು ಎರಡು ಮೂರು ಸಲ ಮಾಡಿ ಅಳೆದಾಗ ಬಿಸಿಯ ಕಡೆಯ ತಗ್ಗು ಮಾಯವಾಗುವಷ್ಟು ಮೇಲೇರಿ, ತಂಪಿನ ಕಡೆಯದು ಉಳಿದರೆ ಲೆಕ್ಕ ತಾಳೆಯಾಯಿತು. ಎರಡು ಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದು, ಕ್ಷೇತ್ರ ಕಡಿಮೆಯಾದಾಗ ತಗ್ಗು ತಂಪಿನ ಕಡೆಗೆ ಸರಿಯುತ್ತದೆಯೇ ಎಂದೂ ನೋಡುತ್ತೇವೆ. ತಗ್ಗಿನ ಆಳವೂ ಸಾಕ್ಷಿ ಹೇಳುತ್ತದೆ: ಅಮೋನಿಯಂನಲ್ಲಿ ಪ್ರೋಟಾನ್‌ಗಳು ಮೀಥೈಲ್‌ನವಕ್ಕಿಂತ ಸ್ವಲ್ಪ ಹತ್ತಿರ, ಈ ಪರಿಣಾಮ ದೂರದ ಆರನೆಯ ಘಾತಕ್ಕೆ ವಿಲೋಮವಾಗಿರುವುದರಿಂದ ಆ ‘ಸ್ವಲ್ಪ’ವೂ ಎದ್ದು ಕಾಣುತ್ತದೆ. ಇಷ್ಟನ್ನೂ ಮಾಡದೆ ಬರೀ ಒಂದು ತಗ್ಗು ಕಂಡ ಕೂಡಲೇ ‘ಇದು ಇಂಥ ಗುಂಪಿನ ಚಲನೆ’ ಎಂದು ಬರೆದುಬಿಡುವುದನ್ನು ನಾನು ಒಪ್ಪುವುದಿಲ್ಲ.

ಡ್ಯೂಟೀರಿಯಂ ಹಾಕಿದ ಮೇಲೆ ಇನ್ನೊಂದು ಬಾಗಿಲೂ ತೆರೆಯುತ್ತದೆ, ಡ್ಯೂಟೀರಿಯಂನದೇ ಎನ್‌ಎಂಆರ್ ನೋಡಬಹುದು. ಅದರ ರೋಹಿತದಲ್ಲಿ ಎರಡು ಕೊಂಬುಗಳಿರುತ್ತವೆ. ಅಲುಗದ ಇಂಗಾಲ-ಡ್ಯೂಟೀರಿಯಂ ಬಂಧಕ್ಕೆ ಕೊಂಬುಗಳ ನಡುವಿನ ಅಂತರ ಸುಮಾರು 125 ಕಿಲೊಹರ್ಟ್ಜ್. ಮೀಥೈಲ್ ವೇಗವಾಗಿ ಜಿಗಿಯುತ್ತಿದ್ದರೆ ಅದು ಮೂರನೆಯ ಒಂದು ಭಾಗಕ್ಕೆ, ಸುಮಾರು 40ಕ್ಕೆ ಇಳಿಯುತ್ತದೆ. ಈ ವಿಧಾನದ ದೊಡ್ಡ ಗುಣವೆಂದರೆ ಚಲನೆಯ ವೇಗದ ಜೊತೆಗೆ ಅದರ ಬಗೆಯನ್ನೂ ಅದು ತೋರಿಸುತ್ತದೆ. ಫೀನೈಲ್‌ಅಲನೈನ್, ಟೈರೋಸಿನ್‌ಗಳ ಬೆಂಜೀನ್ ಉಂಗುರ ಹಾಳೆ ಮಗುಚಿದಂತೆ 180 ಡಿಗ್ರಿ ಮಗುಚುತ್ತಿದ್ದರೆ ಅದರ ರೋಹಿತದ ಆಕಾರವೇ ಬೇರೆ. ಮೀಥೈಲ್‌ನ ಮೂರು ನೆಲೆಯ ಜಿಗಿತದ ಆಕಾರವೇ ಬೇರೆ. 1980ರ ದಶಕದ ಆರಂಭದಲ್ಲಿ ಈ ಉಂಗುರಗಳ ಮಗುಚುವಿಕೆಯನ್ನು ಹೀಗೆಯೇ ಗುರುತಿಸಿದರು.

ನನ್ನ ಸಂಶೋಧನೆಯ ಮೊದಲ ವರ್ಷದ ಒಂದು ಅನುಭವ ಹೇಳುತ್ತೇನೆ, ನಿಮ್ಮ ಹಳೆಯ ವಿದ್ಯಾರ್ಥಿಗೂ ತಿಳಿಸಿ. ಗ್ಲೈಸಿನ್ ಅಳೆಯುತ್ತಿದ್ದೆ. ತಂಪು ಹೆಚ್ಚಿದಂತೆ ಟಿ-ಒನ್ ಏರುತ್ತಲೇ ಹೋಗಬೇಕು. ನನ್ನ ಗೆರೆ ಒಂದು ಹಂತದವರೆಗೆ ಏರಿ, ಆಮೇಲೆ ಮೇಜಿನಂತೆ ಚಪ್ಪಟೆಯಾಯಿತು. ಎರಡು ವಾರ ಅದೇ ಗುಂಗಿನಲ್ಲಿದ್ದೆ, ಯಾವುದೋ ಹೊಸ ಚಲನೆ ಸಿಕ್ಕಿತೆಂದು ಪುಟಗಟ್ಟಲೆ ಲೆಕ್ಕ ಹಾಕಿದೆ. ಗುರುಗಳು ಗೆರೆಯನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಹರಳು ಬೆಳೆಸಲು ನೀರು ಎಲ್ಲಿಂದ ತಂದೆ?’ ನಾನು ಒಂದೇ ಸಲ ಬಟ್ಟಿ ಇಳಿಸಿದ ನೀರು ಬಳಸಿದ್ದೆ, ಒಂದೇ ಸಲ ಹರಳಾಗಿಸಿದ್ದೆ. ಎರಡು ಸಲ ಬಟ್ಟಿ ಇಳಿಸಿದ ನೀರಿನಲ್ಲಿ, ಗಾಜಿನ ಪಾತ್ರೆಯಲ್ಲೇ ಮೂರು ಸಲ ಮರುಹರಳುಗೊಳಿಸಿ ಅಳೆದಾಗ ಆ ಚಪ್ಪಟೆ ಭಾಗ ಎದ್ದು ಮೇಲೆ ಹೋಯಿತು. ಕಬ್ಬಿಣ, ತಾಮ್ರದಂಥ ಲೋಹದ ಅಯಾನು ಅಷ್ಟಿಷ್ಟು ಸೇರಿಕೊಂಡರೂ ಸಾಕು. ಅದರ ಜೋಡಿಯಿಲ್ಲದ ಎಲೆಕ್ಟ್ರಾನಿನ ಕಾಂತತ್ವ ಪ್ರೋಟಾನಿನದ್ದಕ್ಕಿಂತ ನೂರಾರು ಪಟ್ಟು ದೊಡ್ಡದು. ತೊಟ್ಟಿಗೆ ಮೂರನೆಯ ತೂತು ಬಿದ್ದಿತ್ತು.

ಜೋಡಿಯಿಲ್ಲದ ಎಲೆಕ್ಟ್ರಾನನ್ನು ಬೇಕೆಂದೇ ಹುಟ್ಟಿಸಿ ಅದನ್ನೇ ಗೂಢಚಾರನನ್ನಾಗಿ ಬಳಸುವುದೂ ಉಂಟು. ಅದು ಇಪಿಆರ್, ಎಲೆಕ್ಟ್ರಾನ್ ಕಾಂತೀಯ ಅನುರಣನ. ಅಲನೈನ್ ಹರಳಿಗೆ ಗಾಮಾ ಕಿರಣ ಅಥವಾ ಎಕ್ಸ್-ಕಿರಣ ತಾಗಿಸಿದರೆ ಕೆಲವು ಅಣುಗಳಿಂದ ಅಮೋನಿಯಂ ಗುಂಪು ಕಳಚಿ, ನಡುವಿನ ಇಂಗಾಲದ ಮೇಲೆ ಒಂಟಿ ಎಲೆಕ್ಟ್ರಾನ್ ಉಳಿಯುತ್ತದೆ. ಪಕ್ಕದಲ್ಲೇ ಮೀಥೈಲ್ ಇದೆ. ಕೋಣೆಯ ತಾಪದಲ್ಲಿ ಐದು ರೇಖೆಗಳ ರೋಹಿತ ಸಿಗುತ್ತದೆ, ಅವುಗಳ ಎತ್ತರ ಹೆಚ್ಚುಕಡಿಮೆ 1:4:6:4:1. ನಿಮ್ಮ ಮಕ್ಕಳಿಗೆ ದ್ವಿಪದ ಗುಣಾಂಕ ಗೊತ್ತಿದ್ದರೆ ಕೇಳಿ: ಇದು ಎಷ್ಟು ಸಮಾನ ಪ್ರೋಟಾನ್‌ಗಳ ಗುರುತು? ನಾಲ್ಕು. ಇಂಗಾಲದ ಮೇಲಿನ ಒಂದು, ಮೀಥೈಲ್‌ನ ಮೂರು. ಮೀಥೈಲ್‌ನ ಮೂರೂ ಸಮಾನವಾಗಿ ಕಾಣುವುದು ಅವು ವೇಗವಾಗಿ ಜಾಗ ಬದಲಿಸುತ್ತಿರುವುದರಿಂದ. ದ್ರವ ಸಾರಜನಕದ ತಾಪಕ್ಕೆ, 77 ಕೆಲ್ವಿನ್‌ಗೆ, ಇಳಿಸಿದರೆ ಜಿಗಿತ ಸ್ತಬ್ಧವಾಗಿ ಮೂರೂ ಪ್ರೋಟಾನ್‌ಗಳು ಬೇರೆಬೇರೆಯಾಗುತ್ತವೆ, ಐದು ರೇಖೆಯ ಅಂದ ಒಡೆದುಹೋಗುತ್ತದೆ. 1960ರ ಸುಮಾರಿಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮಿಯಾಗಾವಾ ಮತ್ತು ಗಾರ್ಡಿ ಈ ಹರಳಿನ ಇಪಿಆರ್ ಬಿಡಿಸಿದರು. 1962ರಲ್ಲಿ ಮಿಯಾಗಾವಾ ಮತ್ತು ಇಟೊ ಅದರ ಮೀಥೈಲ್ ತಿರುಗುವಿಕೆಯನ್ನೇ ಅಧ್ಯಯನ ಮಾಡಿದರು. ಒಂದು ಮಾತು ನೆನಪಿರಲಿ: ಇಪಿಆರ್ ಕಾಣುವುದು ಪೆಟ್ಟು ತಿಂದ ಅಣುವಿನ ಮೀಥೈಲನ್ನು. ಅದರ ದಿಣ್ಣೆಯೂ ಪೆಟ್ಟು ತಿನ್ನದ ಅಣುವಿನ ದಿಣ್ಣೆಯೂ ಒಂದೇ ಎಂದುಕೊಳ್ಳಬಾರದು. ಇದೇ ಅಲನೈನ್ ಸಂಕೇತ ಇಂದು ವಿಕಿರಣದ ಪ್ರಮಾಣ ಅಳೆಯುವ ನೆಚ್ಚಿನ ಮಾನದಂಡ; ವೈದ್ಯಕೀಯ ಉಪಕರಣಗಳನ್ನು ಗಾಮಾ ಕಿರಣದಲ್ಲಿ ಕ್ರಿಮಿಶುದ್ಧಿ ಮಾಡುವ ಕಡೆ ಅಲನೈನ್ ಬಿಲ್ಲೆ ಇಟ್ಟು, ಎಷ್ಟು ವಿಕಿರಣ ತಾಗಿತೆಂದು ಇಪಿಆರ್‌ನಲ್ಲಿ ಓದುತ್ತಾರೆ.

ನಮ್ಮ ನಾಡಿಗೂ ಈ ಕಥೆಗೂ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು, ಎನ್‌ಎಂಆರ್ ಪತ್ತೆಯಾಗಿ ಐದಾರು ವರ್ಷವಷ್ಟೇ ಆಗಿದ್ದ 1951ರಲ್ಲೇ, ಹರಿಯುವ ದ್ರವದ ಎನ್‌ಎಂಆರ್ ಅಳೆದು ಪ್ರಕಟಿಸಿದ್ದರು. ಅದೇ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಅಮೈನೊ ಆಮ್ಲಗಳು ಒಂದರೊಡನೊಂದು ಸೇರಿ ಹರಳಾಗುವ ಬಗೆಯನ್ನು ಎಕ್ಸ್-ಕಿರಣದಲ್ಲಿ ವರ್ಷಗಟ್ಟಲೆ ಬಿಡಿಸಿತು. ಜಾಗ ಹೇಳುವ ವಿದ್ಯೆಯೂ ಹೊತ್ತು ಹೇಳುವ ವಿದ್ಯೆಯೂ ಒಂದೇ ಆವರಣದಲ್ಲಿ ಬೆಳೆದವು. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ.

ಇನ್ನು ಹರಳು ಬೆಳೆಸುವ ವಿಚಾರ. ಖಂಡಿತ ಮಾಡಬಹುದು, ಗ್ಲೈಸಿನ್‌ನಿಂದ ಶುರುಮಾಡಿ. ಅಗ್ಗ, ಅಪಾಯವಿಲ್ಲ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. 25 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 25 ಗ್ರಾಂ ಹಿಡಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಸೋಸುಕಾಗದದಲ್ಲಿ ಸೋಸಿ, ಗಾಜಿನ ಬೀಕರಿಗೆ ಹಾಕಿ, ಬಾಯಿಗೆ ಸೂಜಿಯಿಂದ ನಾಲ್ಕಾರು ತೂತು ಮಾಡಿದ ಕಾಗದ ಕಟ್ಟಿ, ಅಲುಗಾಡದ ಕಡೆ ಇಡಿ. ಫ್ಯಾನಿನ ಗಾಳಿಯೂ ಕಿಟಕಿಯ ಬಿಸಿಲೂ ಬೇಡ. ಕೆಲವು ದಿನದಲ್ಲಿ ತಳದಲ್ಲಿ ಹೊಳೆಯುವ ಹರಳು ಕಾಣುತ್ತದೆ. ಬರೀ ನೀರಿನಿಂದ ಸಾಮಾನ್ಯವಾಗಿ ಸಿಗುವುದು ಆಲ್ಫಾ ರೂಪ. ಇನ್ನೊಂದು ಬೀಕರಿನಲ್ಲಿ ಇದೇ ದ್ರಾವಣಕ್ಕೆ ಅಡುಗೆ ಉಪ್ಪಲ್ಲ, ಪ್ರಯೋಗಾಲಯದ ಶುದ್ಧ ಸೋಡಿಯಂ ಕ್ಲೋರೈಡ್ ಸೇರಿಸಿ ಇಟ್ಟರೆ ಗಾಮಾ ರೂಪ ಬರುವ ಸಾಧ್ಯತೆ ಹೆಚ್ಚು. ಅಣು ಅದೇ, ಜೋಡಣೆ ಬೇರೆ: ಆಲ್ಫಾದಲ್ಲಿ ಪದರಗಳು, ಗಾಮಾದಲ್ಲಿ ಸುರುಳಿ ಸರಪಣಿಗಳು. ಅಮೋನಿಯಂ ಗುಂಪನ್ನು ನೆರೆಯವರು ಹಿಡಿದಿರುವ ಬಗೆ ಬೇರೆಯಾದ್ದರಿಂದ ಟಿ-ಒನ್ ಕೂಡ ಬೇರೆ. ಕೋಣೆಯ ತಾಪದಲ್ಲಿ ಗಾಮಾದ್ದು ಆಲ್ಫಾದ್ದಕ್ಕಿಂತ ಉದ್ದ. ಎರಡನ್ನೂ ಬೇರೆಬೇರೆ ಗಾಜಿನ ಶೀಶೆಯಲ್ಲಿಟ್ಟು ಯಾವುದು ಉಪ್ಪು ಹಾಕಿದ್ದು, ಯಾವುದು ಹಾಕದ್ದು, ಯಾವ ದಿನ ತೆಗೆದದ್ದು ಎಂದು ಚೀಟಿ ಅಂಟಿಸಿ. ಕಬ್ಬಿಣದ ಚಮಚ ತಾಗಿಸಬೇಡಿ. ನಿಮ್ಮ ಹಳೆಯ ವಿದ್ಯಾರ್ಥಿ ಓದುವ ವಿಭಾಗದಲ್ಲಿ ಘನವಸ್ತುವಿನ ಟಿ-ಒನ್ ಅಳೆಯುವ ಎನ್‌ಎಂಆರ್ ಇದ್ದರೆ ಆ ಎರಡು ಶೀಶೆಗಳನ್ನು ಅವನ ಕೈಯಲ್ಲೇ ಕಳಿಸಿ.